ಎರಡು ದಿನದ ಕೂಗು

ನಂಜನಗೂಡಿನ ಪಕ್ಕದ ತಾಂಡ್ಯದ ಕಾರ್ಖಾನೆಯ ಮಾದು ಒಂದು ಸಲ ಸೀನಿದ್ದಕ್ಕೆ ಅರಬ್ಬೀ ಸಮುದ್ರದಲ್ಲಿ ಹದಿನಾಲ್ಕು ಹಡಗುಗಳು ಗಕ್ಕನೆ ನಿಂತವು, ಏಳು ದೇಶದ ನೌಕಾಪಡೆಗಳು ನಿದ್ದೆಗಣ್ಣಲ್ಲಿ ಎದ್ದು ಬೂಟು ಹುಡುಕಿದವು, ಕೊನೆಗೆ ದೆಹಲಿಯಿಂದ ಫೋನು ಬಂದು, "ಮಾದಪ್ಪನವರೇ, ನೆಗಡಿ ಹೇಗಿದೆ, ಇನ್ನೊಂದು ಸೀನು ಬರುವ ಹಾಗಿದೆಯೇ, ಹಡಗುಗಳನ್ನು ಬಿಡಬಹುದೇ" ಎಂದು ವಿಚಾರಿಸಿತು. ಇದು ಸುಳ್ಳು ಎನ್ನುವವರು ನಂಜನಗೂಡು ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಗೆ ಬಂದು ಮಾದುವನ್ನೇ ಕೇಳಬಹುದು. ಅವನು ಹದಿನಾಲ್ಕನ್ನು ಇಪ್ಪತ್ತೆರಡು ಮಾಡಿ ಹೇಳುತ್ತಾನೆ, ಕೇಳಿದವರ ಕೈಯಿಂದಲೇ ಟೀ ಕೊಡಿಸಿಕೊಳ್ಳುತ್ತಾನೆ.

ಇಂಥ ಆಕಾಶದೆತ್ತರದ ಬುರುಡೆಯ ತಳದಲ್ಲೂ ಸಾಸಿವೆಯಷ್ಟು ನಿಜವಿತ್ತು. ಮಾದು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಹಡಗುಗಳಿಗೆ ಕೂರಿಸುವ ಬೀಕನ್ನು. ಒಂದು ಸೋರೆಬುರುಡೆಯಷ್ಟು ಗಾತ್ರ, ಕಿತ್ತಳೆ ಬಣ್ಣ, ತಲೆಯ ಮೇಲೊಂದು ಕಡ್ಡಿಯಂಥ ಏರಿಯಲ್. ಹಡಗು ಮುಳುಗಿದಾಗ ಅದು ಗೂಡಿನಿಂದ ಕಳಚಿಕೊಂಡು ಮೇಲಕ್ಕೆ ತೇಲಬೇಕು. ಸೊಂಟದ ಹತ್ತಿರವಿರುವ ಎರಡು ಲೋಹದ ಮೊಳೆಗಳಿಗೆ ನೀರು ತಾಗಿತೋ, ತಾನಾಗಿ ಎಚ್ಚರವಾಗಿ ಕೂಗತೊಡಗುತ್ತದೆ. ಕಿವಿಗೆ ಬೀಳುವ ಕೂಗಲ್ಲ, ರೇಡಿಯೊ ಕೂಗು, ಜೊತೆಗೆ ತಲೆಯ ಮೇಲೆ ಮಿನುಗುವ ಬಿಳಿ ದೀಪ. ಮೇಲಿರುವ ಉಪಗ್ರಹ ಅದನ್ನು ಹಿಡಿದು ನೆಲದವರಿಗೆ ತಿಳಿಸುತ್ತದೆ, ನೆಲದವರು ಕೋಸ್ಟ್ ಗಾರ್ಡಿನವರನ್ನು ಎಬ್ಬಿಸುತ್ತಾರೆ. ಒಳಗಿನ ಬ್ಯಾಟರಿ ಬಿಡದೆ ಎರಡು ದಿನ ಕೂಗುವಷ್ಟು ಗಟ್ಟಿ. ಈ ಮಹಾಕಾರ್ಯದಲ್ಲಿ ಮಾದುವಿನ ಪಾಲು ಒಂದು ರಬ್ಬರ್ ಉಂಗುರ ಕೂರಿಸಿ ಸ್ಕ್ರೂ ಬಿಗಿಯುವುದು. ಆದರೆ ಅವನ ಬಾಯಲ್ಲಿ ಆ ಸ್ಕ್ರೂಗಳು ಸಮುದ್ರವನ್ನೇ ಭೂಮಿಗೆ ಬಿಗಿದು ಹಿಡಿದಿದ್ದವು.

"ಅಡಗು ಮುಳುಗುದ್ರೆ ದೇವ್ರಿಗಿಂತ ಮುಂಚೆ ನಂಗೆ ಗೊತ್ತಾಯ್ತದೆ ಕಣ್ಲಾ" ಎನ್ನುತ್ತಿದ್ದ.

"ದೇವ್ರು ನಿಂಗೆ ಮಿಸ್ ಕಾಲ್ ಕೊಡ್ತಾನಾ?" ಎಂದು ಟೀ ಅಂಗಡಿಯ ಸಿದ್ದು ಕೇಳುತ್ತಿದ್ದ.

"ಕೊಟ್ಟ. ನಾನು ಎತ್ನಿಲ್ಲ. ಡ್ಯೂಟಿ ಟೈಮು."

ಆ ಕಾರ್ಖಾನೆಯಲ್ಲಿ ಒಂದು ಕಬ್ಬಿಣದ ಕೋಣೆಯಿದೆ. ಬೀಕನ್ನು ಸರಿಯಾಗಿ ಕೂಗುತ್ತದೆಯೇ ಎಂದು ಪರೀಕ್ಷೆ ಮಾಡುವುದು ಅದರೊಳಗೇ. ಬಾಗಿಲು ಹಾಕಿದರೆ ಕೂಗು ಹೊರಗೆ ಹೋಗುವುದಿಲ್ಲ. ಟೆಸ್ಟಿಂಗಿನ ಶಿವರಂಜನಿ ಮೇಡಂ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳುವ ಮಾತು ಒಂದೇ: "ಈ ಕೋಣೆಯ ಆಚೆ ಯಾವ ಪೀಸಿಗೂ ನೀರು ಸೋಕಬಾರದು. ಅದು ಸುಳ್ಳು ಕೂಗು ಅಂತ ಮೇಲಿರೋ ಉಪಗ್ರಹಕ್ಕೆ ಗೊತ್ತಾಗಲ್ಲ." ಮಾದುವಿಗೆ ಈ ಮಾತು ಬಾಯಿಪಾಠವಾಗಿತ್ತು. ಅದನ್ನೂ ತಾನೇ ಮಾಡಿದ ಕಾನೂನು ಎಂದು ಹೇಳಿಕೊಂಡು ತಿರುಗುತ್ತಿದ್ದ.

ಮಾದುವಿನ ಅಕ್ಕ ಮಹದೇವಮ್ಮನ ಮನೆ ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಪಿಲೆಯ ದಂಡೆಯ ಹಳ್ಳಿಯಲ್ಲಿತ್ತು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಸಿದ್ಧಾರ್ಥ, ಮಗಳು ದಿವ್ಯ. ಸಿದ್ಧಾರ್ಥನಿಗೆ ಈಜು ಕಲಿಸಿದ್ದು ಮಾದುವೇ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಹೊಳೆಗೆ ತಳ್ಳಿ. ಹುಡುಗ ಮೂರೇ ದಿನದಲ್ಲಿ ಹೊಳೆಯ ಮೀನಿಗೆ ಈಜು ಹೇಳಿಕೊಡುವಂತಾದ ಎಂದು ಮಾದು ಊರೆಲ್ಲ ಸಾರಿದ್ದ. ಬೆಳೆದ ಮೇಲೆ ಸಿದ್ಧಾರ್ಥ ಬಾಳೆಕಾಯಿ, ಬನ್ನೂರಿನ ಅಕ್ಕಿ ತುಂಬಿದ ಲಾರಿ ಓಡಿಸಿಕೊಂಡು ಮಂಗಳೂರಿನ ಹಳೇ ಬಂದರಿಗೆ ಹೋಗುತ್ತಿದ್ದ. ಅಲ್ಲಿ ಆ ಸರಕನ್ನು ಲಕ್ಷದ್ವೀಪಕ್ಕೆ ಒಯ್ಯುವ ಮಂಜಿಗಳು ನಿಂತಿರುತ್ತವೆ. ಮಂಜಿ ಎಂದರೆ ಮರದ ಸರಕು ಹಡಗು. ಒಂದು ದಿನ ಲಾರಿಯ ಕೀಲಿಯನ್ನು ಮಾಲೀಕನಿಗೆ ಒಪ್ಪಿಸಿ, ಒಂದು ಮಂಜಿಯ ಇಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿಕೊಂಡ.

ಮಳೆಗಾಲಕ್ಕೆ ಮುಂಚಿನ ಕೊನೆಯ ಸಾಗಾಟದಲ್ಲಿ ಆ ಮಂಜಿ ದ್ವೀಪ ಮುಟ್ಟಲಿಲ್ಲ. ಅಡುಗೆಯವನೊಬ್ಬ ಹಲಗೆ ಹಿಡಿದುಕೊಂಡು ಬದುಕಿದ. ಉಳಿದವರು ಸಿಗಲಿಲ್ಲ.

ವಿಚಾರಿಸಿಕೊಂಡು ಬರಲು ಮಂಗಳೂರಿಗೆ ಹೋದವನು ಮಾದು. ತಿರುಗಿ ಬಂದಾಗ ಅಕ್ಕನ ಮನೆಯ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಹದೇವಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಮಾದು ನೀರು ಕುಡಿದ. ಬಾಯಿ ಒರೆಸಿಕೊಂಡ. ಆಮೇಲೆ ಹೇಳಿದ.

"ನಮ್ ಉಡ್ಗ ಸುಮ್ಕೆ ಓಗ್ನಿಲ್ಲ ಕಣಕ್ಕ. ಬೀಕನ್ನು ಇಡ್ಕಂಡು ಎಲ್ಡು ದಿನ ಕೂಗವ್ನೆ. ನಾನು ಬಿಗಿದಿದ್ದ ಬೀಕನ್ನೇ. ಇಡೀ ಸಮುದ್ರಕ್ಕೆ ಕ್ಯೋಳದೆ. ಏಳು ಅಡಗು ದಾರಿ ಬುಟ್ಟು ತಿರೀಕಂಡವೆ, ಇಮಾನ ಬಂದದೆ. ಅವು ಮುಟ್ಟಾದ್ರೊಳಗೆ ಬ್ಯಾಟ್ರಿ ಮುಗ್ದೋಗದೆ."

ಜಗಲಿಯಲ್ಲಿದ್ದವರು ನಿಟ್ಟುಸಿರು ಬಿಟ್ಟರು. ಒಬ್ಬ ಬಡವರ ಹುಡುಗನಿಗಾಗಿ ಏಳು ಹಡಗು ತಿರುಗಿದವಲ್ಲ ಎಂದು ಯಾರೋ ಅಂದರು. ಮಹದೇವಮ್ಮ ಕೇಳಿದ್ದು ಇಷ್ಟೇ.

"ಎಲ್ಡು ದಿನವಾ?"

"ಎಲ್ಡು ದಿನ."

ಅಂದಿನಿಂದ ಮಹದೇವಮ್ಮನಿಗೆ ಯಾವ ಕೂಗನ್ನೂ ತಡೆದುಕೊಳ್ಳಲಾಗದ ಹಾಗಾಯಿತು. ಪಕ್ಕದ ಮನೆಯ ಕರು ಅಂಬಾ ಎಂದರೆ ಅದರ ತಾಯಿಯ ಹಗ್ಗ ಬಿಚ್ಚಿಬಿಡುತ್ತಿದ್ದಳು. ಬೀದಿಯಲ್ಲಿ ಸೊಪ್ಪಿನವಳು ಎರಡನೇ ಸಲ ಕೂಗುವುದರೊಳಗೆ ಓಡಿ ಹೋಗಿ ನಿಲ್ಲುತ್ತಿದ್ದಳು. ಕೊಳ್ಳುವುದಕ್ಕಲ್ಲ, "ಕ್ಯೋಳುಸ್ತು ಕಣವ್ವ, ಕ್ಯೋಳುಸ್ತು" ಎನ್ನುವುದಕ್ಕೆ. ನರಸೀಪುರದ ಬಸ್ಸಿನಲ್ಲಿ ಮಲಗಿದ್ದ ಯಾರೋ ಗಂಡಸಿನ ಜೇಬಿನಲ್ಲಿ ಫೋನು ಬಾರಿಸುತ್ತಿದ್ದಾಗ ಅವನ ಭುಜ ಹಿಡಿದು ಅಲುಗಾಡಿಸಿ, "ಎತ್ತಪ್ಪ, ಯಾರೋ ಕೂಗ್ತಾವ್ರೆ" ಎಂದು ಅತ್ತುಬಿಟ್ಟಿದ್ದಳು. ಮಗನಿಗೆ ಹಾಲು ತುಪ್ಪ ಬಿಡುವ ಕಾರ್ಯಕ್ಕೂ ಒಪ್ಪಲಿಲ್ಲ. ಮಣ್ಣು ಮಾಡಿದ ಗುಂಡಿಯ ಮೇಲೆ ಹಾಲೂ ತುಪ್ಪವೂ ಬಿದ್ದರೆ ಹೋದವರ ಬಾಯಾರಿಕೆ ತಣಿಯುತ್ತದೆ, ಅವರು ಹೊರಟುಹೋಗುತ್ತಾರೆ ಎಂಬುದು ಅವರ ಕಡೆಯ ನಂಬಿಕೆ.

"ಕೂಗ್ತಾ ಇರೋನ ಬಾಯಿಗೆ ಆಲು ಉಯ್ದು ಮುಚ್ಚಾದಾ?" ಎಂದಳು. "ಮಣ್ಣಿಗಾದ್ರೂ ಏನ್ ಆಕ್ಲಿ? ಅವನ ಬಟ್ಟೆ ಬ್ಯಾಡ, ಅವು ಮಂಗ್ಳೂರು ರೂಮಲ್ಲಿ ಒಣಗಿದ್ದವು. ಅವನ್ ಜೊತೆ ನೀರಲ್ಲಿ ಇದ್ದುದ್ದು ಏನಾರ ತನ್ನಿ. ಆಮ್ಯಾಕೆ ನೋಡವ."

ಆಷಾಢ ಕಳೆಯಿತು, ಗೌರಿ ಹಬ್ಬ ಕಳೆಯಿತು. ಮಹದೇವಮ್ಮನ ರವಿಕೆಯ ತೋಳು ಜೋತುಬೀಳುವಷ್ಟು ಕೈ ಸೊರಗಿತು. ನಂಜನಗೂಡಿನ ಕಾಲೇಜಿಗೆ ಬರುತ್ತಿದ್ದ ದಿವ್ಯ ಒಂದು ಸಂಜೆ ಟೀ ಅಂಗಡಿಗೇ ಬಂದು ನಿಂತಳು. ಮಾದು ಆಗ ತಾನೆ ಒಂದು ತಿಮಿಂಗಿಲವನ್ನು ಫೋನಿನಲ್ಲಿ ಗದರಿಸಿದ ಕಥೆ ಶುರುಮಾಡಿದ್ದ.

"ಮಾವ, ನಿನ್ ತಿಮಿಂಗ್ಲ ಆಮೇಲೆ ಬರ್ಲಿ. ಅವ್ವ ಇಂಗೇ ಇದ್ರೆ ಉಳಿಯಕಿಲ್ಲ."

"ನಾನೇನ್ ಮಾಡ್ಲಿ ಮಗ?"

"ಅಡಗು ನಿಲ್ಲುಸ್ತೀಯಲ್ಲ, ಅವ್ವನಿಗೆ ಮಣ್ಣಿಗಿಡಾಕೆ ಏನಾರ ಒಂದು ತಂದ್ಕೊಡು."

ಸಿದ್ದು ನಗಲಿಲ್ಲ. ಮಾದು ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ. ನಂಜನಗೂಡಿನ ಚರಿತ್ರೆಯಲ್ಲಿ ಅವನು ಟೀ ಉಳಿಸಿದ್ದು ಅದೇ ಮೊದಲು.

ಆ ವಾರದಲ್ಲಿ ಕಾರ್ಖಾನೆಯ ರಿಜೆಕ್ಟ್ ರ‍್ಯಾಕಿನಿಂದ ಒಂದು ಬೀಕನ್ನು ಕಾಣೆಯಾಯಿತು. ಬಣ್ಣ ಗುಳ್ಳೆ ಎದ್ದಿದೆ ಎಂದು ತೆಗೆದಿಟ್ಟಿದ್ದ ಪೀಸು, ಬಿಚ್ಚಿ ಬಿಡಿಭಾಗ ಮಾಡಲು ಕಾದಿತ್ತು. ಅದು ಮಾದುವಿನ ಊಟದ ಚೀಲದಲ್ಲಿ ಗೇಟು ದಾಟಿತು. ಮನೆಗೆ ತಂದು, ಕಪಿಲೆಯ ಮರಳಿನಲ್ಲಿ ಒಣಗೈಯಲ್ಲೇ ತಿಕ್ಕಿ ಹೊಳಪು ಕಳೆದ. ನಂಬರಿನ ಚೀಟಿ ಕೆರೆದು ತೆಗೆದ. ಬ್ಯಾಟರಿ ತೆಗೆಯೋಣವೆಂದರೆ, ಬಿಗಿದವನು ತಾನೇ ಆದರೂ ಬಿಚ್ಚುವ ಕೀಲಿ ಇರುವುದು ಶಿವರಂಜನಿ ಮೇಡಂ ಮೇಜಿನಲ್ಲಿ. ಅದಕ್ಕೇ ಆ ಎರಡು ಮೊಳೆಗಳ ಮೇಲೆ ಕರೆಂಟಿನವರ ಕಪ್ಪು ಟೇಪನ್ನು ಸೊಂಟದ ಸುತ್ತ ಬಿಗಿಯಾಗಿ ಸುತ್ತಿದ. ಸಮುದ್ರವೇ ಬಂದು ಬೇಡಿಕೊಂಡರೂ ಇದು ಬಾಯಿ ಬಿಡುವುದಿಲ್ಲ ಎಂದುಕೊಂಡ.

ಭಾನುವಾರ ಬೆಳಕು ಹರಿಯುತ್ತಲೇ ಅಕ್ಕನ ಮುಂದೆ ಚೀಲ ಬಿಚ್ಚಿದ.

"ಇದೇ ಕಣಕ್ಕ. ಅವ್ನು ಕೊನೇಗಂಟ ತಬ್ಕಂಡಿದ್ದುದ್ದು. ನೇವಿಯೋರಿಗೆ ಸಿಕ್ಕಿತ್ತು. ಕೊಡಾಕಿಲ್ಲ ಅಂದ್ರು, ನಾನು ಬುಡ್ಲಿಲ್ಲ. ಅಡ್ಮಿರಲ್ಲು ಕೈಯಾರ ಕೊಟ್ಟ, ಸೆಲ್ಯೂಟ್ ಒಡ್ದು."

ಮಹದೇವಮ್ಮ ಅಡ್ಮಿರಲ್ಲಿನ ಕಡೆ ಕಿವಿಗೊಡಲಿಲ್ಲ. ಆ ಬುರುಡೆಯನ್ನು ಮಡಿಲಿಗೆ ತೆಗೆದುಕೊಂಡು, ಅದರ ಗೀರುಗಳ ಮೇಲೆ ಬೆರಳಾಡಿಸಿದಳು. ಮೂಗಿನ ಹತ್ತಿರ ತಂದು ಮೂಸಿದಳು.

"ಆಗ್ಲಿ" ಎಂದಳು. "ಮಣ್ಣು ಕೊಡವ."

ಊರ ಹಿರಿಯಳು ಸಣ್ಣತಾಯಮ್ಮ, ಮಣ್ಣು ಕೊಡುವುದು, ಹಾಲು ತುಪ್ಪ ಬಿಡುವುದು ಎರಡನ್ನೂ ಇವತ್ತೇ ಮುಗಿಸಿಬಿಡಿ, ಇವಳ ಮನಸ್ಸು ತಿರುಗುವುದರೊಳಗೆ ಎಂದಳು. ಹೊಳೆಯ ದಂಡೆಯ ಮೇಲೆ, ಸಿದ್ಧಾರ್ಥನ ಅಪ್ಪನನ್ನು ಮಲಗಿಸಿದ್ದ ಜಾಗದ ಪಕ್ಕದಲ್ಲಿ ಸಣ್ಣ ಗುಂಡಿ ತೋಡಿದರು. ಬೆಳಗಿನ ಬಿಸಿಲು ಚೆನ್ನಾಗಿ ಏರಿತ್ತು. ಬೇವಿನ ಮರದ ಕೆಳಗೆ ಹೆಂಗಸರು ಬುರುಡೆಯನ್ನು ಹೊಸ ಬಿಳಿ ಬಟ್ಟೆಯ ಮೇಲೆ ಮಲಗಿಸಿದರು. ಹೆಣಕ್ಕೆ ಮಾಡುವ ಎಲ್ಲವನ್ನೂ ಅದಕ್ಕೆ ಮಾಡಬೇಕು ಎಂದು ಮಹದೇವಮ್ಮ ಹಟ ಹಿಡಿದಿದ್ದಳು. ಬಿಂದಿಗೆಯಲ್ಲಿ ಅರಿಶಿನ ಕಲೆಸಿದ ನೀರಿತ್ತು.

ಮಾದು ಬುರುಡೆಯ ಪಕ್ಕ ಕೂತು ಕಾಯಬೇಕಾಗಿತ್ತು. ಆದರೆ ಗುಂಡಿ ತೋಡಿದ ಹುಡುಗರು ಏಳು ಹಡಗುಗಳ ಸಂಗತಿ ಕೇಳಿದರು. ಅವನು ಅಲ್ಲಿಗೆ ಹೋಗಿ ನಿಂತ. ಹಡಗುಗಳು ಏಳರಿಂದ ಒಂಬತ್ತಾದವು. ಒಂಬತ್ತನೆಯದು ತಿರುಗುವ ಹೊತ್ತಿಗೆ ಅವನಿಗೆ ಬೇವಿನ ಮರದ ಕಡೆ ಬೆನ್ನಿತ್ತು.

ಮಣ್ಣಿಗೆ ಹೋಗುವವನ ಮೈಮೇಲೆ ದಾರವಿರಬಾರದು, ಗಂಟಿರಬಾರದು. ಸ್ನಾನ ಮಾಡಿಸುವ ಮುಂಚೆ ಉಡಿದಾರ ಕತ್ತರಿಸಬೇಕು. ಬುರುಡೆಯ ಸೊಂಟದಲ್ಲಿ ಕಪ್ಪಗೆ ಬಿಗಿದಿದ್ದದ್ದು ಮಹದೇವಮ್ಮನ ಕಣ್ಣಿಗೆ ಬಿತ್ತು.

"ಉಡಿದಾರ ಇನ್ನೂ ಅದೆ" ಎಂದಳು. ಸಣ್ಣತಾಯಮ್ಮ ಕುಡುಗೋಲು ಕೊಟ್ಟಳು. ಮಹದೇವಮ್ಮ ಟೇಪನ್ನು ಕುಯ್ದು ಸುಲಿದು ತೆಗೆದು, ಅರಿಶಿನದ ನೀರನ್ನು ನಿಧಾನವಾಗಿ ಹುಯ್ದು, ಅಂಗೈಯಲ್ಲಿ ಸುತ್ತಲೂ ತೊಳೆದಳು. ಕೂಸಿಗೆ ಎರೆಯುವ ಹಾಗೆ ಕಾಲು ನೀಡಿಕೊಂಡು, ಕಾಲಿನ ಮೇಲೆ ಮಲಗಿಸಿಕೊಂಡು ಎರೆದಳು.

ಮಾದುವಿಗೆ ಮೊದಲು ಗೊತ್ತಾದದ್ದು ಹೆಂಗಸರ ಮಾತು ನಿಂತದ್ದು. ತಿರುಗಿ ನೋಡಿದ. ಅಕ್ಕನ ಮೊಣಕಾಲುಗಳ ನಡುವೆ ಬಿಳಿ ಬೆಳಕು ಪಳಕ್ ಎಂದಿತು. ಆರಿತು. ಮತ್ತೆ ಪಳಕ್ ಎಂದಿತು. ಹಡಗು ನಿಲ್ಲಿಸುವ ಮಾದುವಿನ ಕಾಲು ನಾಲ್ಕು ಮಾರು ದೂರ ಓಡಲು ಎರಡು ಕಡೆ ಮುಗ್ಗರಿಸಿತು.

"ಮಾದ, ಕಣ್ಣು ಬುಡ್ತಾ ಅದೆ" ಎಂದಳು ಮಹದೇವಮ್ಮ, ಬಹಳ ಮೆಲ್ಲಗೆ, ಮಲಗಿದ ಮಗು ಎದ್ದೀತು ಎನ್ನುವ ಹಾಗೆ.

"ಕೊಡಕ್ಕ ಇಲ್ಲಿ. ಅದು ಏನೂ ಇಲ್ಲ, ಒಳಗೆ ನೀರು ಓಗದೆ..."

"ಮುಟ್ಬ್ಯಾಡ." ಅವಳು ಅದನ್ನು ಸೆರಗಿನೊಳಗೆ ಎಳೆದುಕೊಂಡಳು. ಸೆರಗಿನ ಬಟ್ಟೆ ಒಳಗಿನಿಂದ ಬೆಳಗಿ ಬೆಳಗಿ ಆರುತ್ತಿತ್ತು. "ಕೂಗ್ತಾವ್ನೆ."

ಅವಳ ಕೈಯಿಂದ ಕಿತ್ತುಕೊಂಡು ಆರಿಸುವುದು ಹೇಗೆಂದು ಅವನಿಗೆ ಗೊತ್ತಿತ್ತು. ಆ ಮೊಳೆಗಳ ಮೇಲಿನ ನೀರು ಒರೆಸಿದರೆ ಸಾಕು. ಆದರೆ ಆ ತಾಯಿಯ ಕಣ್ಣೆದುರು ಆ ಬೆಳಕನ್ನು ನಿಲ್ಲಿಸುವ ಕೈ ಯಾವುದು? ಮಾದು ಮಂಡಿಯೂರಿ ಕೂತುಬಿಟ್ಟ. ಏನಾದರೊಂದು ಹೇಳಿಬಿಡೋಣವೆಂದು ಬಾಯಿ ತೆರೆದ. ಹುಟ್ಟಿದಾಗಿನಿಂದ ಅವನನ್ನು ಒಂದು ದಿನವೂ ಕೈಬಿಡದ ಬಾಯಿ ಒಣಗಿ ನಿಂತಿತು. ಹೀಗೆ ಎಷ್ಟು ಹೊತ್ತು ಕಳೆಯಿತೋ, ಬೇವಿನ ನೆರಳು ಅವನ ಬೆನ್ನಿನಿಂದ ಸರಿದು ಬಿಸಿಲು ಚುರುಗುಟ್ಟತೊಡಗಿದಾಗ ಅವನ ಜೇಬಿನಲ್ಲಿ ಫೋನು ಬಾರಿಸಿತು.

ತೆಗೆದು ನೋಡಿದ. ಶಿವರಂಜನಿ ಮೇಡಂ. ಭಾನುವಾರ ಆಕೆ ಯಾಕೆ ಫೋನು ಮಾಡುತ್ತಾರೆ ಎಂಬುದು ಅವನಿಗೆ ಹೇಳಬೇಕಾಗಿರಲಿಲ್ಲ. ಹಾಗೇ ಹಿಡಿದುಕೊಂಡ. ಫೋನು ಬಾರಿಸುತ್ತಲೇ ಇತ್ತು.

"ಎತ್ತು" ಎಂದಳು ಮಹದೇವಮ್ಮ.

"ಆಮೇಲೆ ಮಾಡ್ತೀನಿ ಕಣಕ್ಕ."

"ಎತ್ಲಾ ಮಾದ. ನಂಗೆ ತಡಿಯಾಕಾಗಾಕಿಲ್ಲ. ಯಾರೋ ಕೂಗ್ತಾವ್ರೆ, ಎತ್ತು."

ದಿವ್ಯ ಅವನ ಕೈಯಿಂದ ಫೋನು ತೆಗೆದುಕೊಂಡು, ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಅವ್ವನ ಮುಂದೆ ಹಿಡಿದಳು.

"ಮಾದಣ್ಣ, ಎಲ್ಲಿದ್ದೀರಾ?" ಮೇಡಂ ದನಿ ಆತುರದಲ್ಲಿತ್ತು. "ನರಸೀಪುರದ ಕಡೆ, ಹೊಳೆ ಪಕ್ಕ, ಒಂದು ಬೀಕನ್ ಕೂಗ್ತಾ ಇದೆ ಅಂತ ಬೆಂಗಳೂರಿನ ಉಪಗ್ರಹ ಕೇಂದ್ರದಿಂದ ಫೋನ್ ಬಂತು. ಯಾವ ಹಡಗಿನ ಹೆಸರಲ್ಲೂ ಇಲ್ಲ, ಕೂಗಿನ ಜೊತೆ ಬರ್ತಾ ಇರೋದು ನಮ್ಮ ಫ್ಯಾಕ್ಟರಿ ನಂಬರು. ನಿಮ್ಮ ಅಕ್ಕನ ಊರು ಅಲ್ಲೇ ಅಲ್ವಾ, ಅದಕ್ಕೇ ನಿಮಗೆ ಮಾಡಿದೆ. ಅಲ್ಲಿ ಯಾರಾದರೂ ಅಪಾಯದಲ್ಲಿದ್ದಾರಾ?"

ಮಹದೇವಮ್ಮ ಫೋನಿನ ಕಡೆ ಬಾಗಿದಳು. "ನಿಮ್ಗೆ ಕ್ಯೋಳುಸ್ತಾ ತಾಯಿ?"

"ಯಾರು ಅಮ್ಮ ನೀವು?"

"ಇವನ ಅಕ್ಕ. ಈಗ್ತಾನೆ ನೀರು ಉಯ್ದೆ. ಇಷ್ಟು ಬಿರ‍್ನೆ ಕ್ಯೋಳುಸ್ತದಾ?"

"ಕೇಳಿಸುತ್ತೆ ಅಮ್ಮ. ಎಲ್ಲಿ ಕೂಗಿದ್ರೂ ಕೇಳಿಸುತ್ತೆ. ಅದು ಇರೋದೇ ಅದಕ್ಕೆ."

"ಸಮುದ್ರದ ಮಧ್ಯದಲ್ಲಿ ಕೂಗುದ್ರೂವೆ?"

"ಅಲ್ಲಿ ಕೂಗಿದ್ರೂ. ಅಮ್ಮ, ಮಾದಣ್ಣನಿಗೆ ಕೊಡಿ. ಅದನ್ನು ಬೇಗ ಆರಿಸಬೇಕು. ಅದು ಕೂಗ್ತಾ ಇರೋ ತನಕ ಅಲ್ಲಿ ಯಾರೋ ಸಾಯ್ತಾ ಇದ್ದಾರೆ ಅಂತ ಎಲ್ಲರೂ ಕಾಯ್ತಾ ಇರ್ತಾರೆ."

"ಆರುಸ್ತೀವಿ ಮೇಡಂ" ಎಂದು ದಿವ್ಯ ಫೋನು ಇಟ್ಟಳು. ಮಹದೇವಮ್ಮ ತಮ್ಮನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಮಾದುವಿಗೆ ಅದಕ್ಕೇ ಭಯವಾಯಿತು.

"ಇಲ್ಲಿ ನೀರು ಉಯ್ದು ಇನ್ನೂ ನನ್ನ ಕೈ ಆರಿಲ್ಲ, ಫೋನು ಬಂತು. ನನ್ ಮಗ ಎಲ್ಡು ದಿನ ಕೂಗುದ್ನಲ್ಲ ಮಾದ, ಅವನ್ಗ್ಯಾಕೆ ಯಾರೂ ಬರ್ನಿಲ್ಲ?"

"ಮೋಡ ಇತ್ತಂತೆ ಕಣಕ್ಕ. ಉಪಗ್ರಹಕ್ಕೆ ಮೋಡ ಅಡ್ಡ ಬಂದು, ಆ ಏಳು ಅಡಗು..."

"ನೀನು ಆಗ ಒಂಬತ್ತು ಅಂದೆ" ಎಂದಳು ದಿವ್ಯ.

ಮಾದು ಸುತ್ತ ನೋಡಿದ. ಗುಂಡಿ ತೋಡಿದ ಹುಡುಗರು ಬಂದು ನಿಂತಿದ್ದರು. ಸಣ್ಣತಾಯಮ್ಮ ಹಾಲಿನ ಚೊಂಬನ್ನು ಸೆರಗಿನಿಂದ ಮುಚ್ಚಿ ಹಿಡಿದಿದ್ದಳು. ಅಕ್ಕನ ಸೆರಗಿನೊಳಗೆ ಆ ಬೆಳಕು ಬಡಿದುಕೊಳ್ಳುತ್ತಲೇ ಇತ್ತು.

"ಇದು ಅವನ್ದಲ್ಲ ಕಣಕ್ಕ" ಎಂದ.

"ಏನಂದೆ?"

"ಇದು ಅವನ ಮಂಜೀದಲ್ಲ. ಸಮುದ್ರಾನೇ ನೋಡಿಲ್ಲ. ಫ್ಯಾಕ್ಟ್ರಿ ರ‍್ಯಾಕಿಂದ ಎತ್ಕಂಡ್ ಬಂದೆ. ಗೀರು ನಾನೇ ಮಾಡ್ದೆ, ಮರಳಾಕಿ ತಿಕ್ಕಿ. ಇದ್ಕೆ ಮೊದಲ್ನೇ ನೀರು ನೀನೇ ಉಯ್ದುದ್ದು."

ಮಹದೇವಮ್ಮನ ಕೈ ಸಡಿಲವಾಯಿತು. ಮಾದು ಮೆಲ್ಲಗೆ ಬುರುಡೆಯನ್ನು ಅವಳ ಕಾಲ ಮೇಲಿಂದ ತೆಗೆದುಕೊಂಡ. ಪಂಚೆಯ ತುದಿಯಿಂದ ಆ ಎರಡು ಮೊಳೆಗಳನ್ನು ಒರೆಸಿದ. ಬೆಳಕು ಇನ್ನೊಂದು ಸಲ ಬಂದು ಆಮೇಲೆ ಬರಲಿಲ್ಲ. ಅವಳು ಅದನ್ನೇ ನೋಡುತ್ತಿದ್ದಳು.

"ಅಂಗಾರೆ ಅವನ್ದು?"

"ಅವನ್ದು ಮಂಜಿ ಜೊತೇಲೇ ಓಯ್ತು. ಡ್ರೈವರ್ ಕೂರೋ ಗೂಡಿನೊಳಗೆ ಇಟ್ಟಿದ್ರಂತೆ, ಮಳೆ ಬೀಳ್ದಂಗೆ. ಮಂಜಿ ಬೋರಲು ಬಿತ್ತು, ಅದು ಒಳಗೇ ಸಿಕ್ಕಾಕಂಡು ತಳಕ್ಕೋಯ್ತು. ಒಂದ್ಸಲಾನೂ ಕೂಗ್ನಿಲ್ಲ. ಯಾವ ಅಡಗೂ ತಿರುಗ್ನಿಲ್ಲ. ಮಂಜಿ ದ್ವೀಪಕ್ಕೆ ಬರ್ನಿಲ್ಲ ಅಂತ ಗೊತ್ತಾದ್ಮ್ಯಾಲೇ ಉಡುಕಕ್ಕೆ ಓಗುದ್ದು. ಆ ಅಡಿಗೆಯೋನು ಆಸ್ಪತ್ರೆ ಮಂಚದ ಮ್ಯಾಲೆ ನನ್ ಕೈ ಇಡ್ಕಂಡು ಏಳ್ದ." ಮಾದು ಪಂಚೆಯ ಒದ್ದೆ ತುದಿಯನ್ನು ಮುಷ್ಟಿಯಲ್ಲಿ ಹಿಂಡಿದ. "ಊರಿಗೆಲ್ಲ ಕೂಗೋ ಬುರುಡೆ ಮಾಡೋನು ನಾನು. ನನ್ ಅಕ್ಕನ ಮಗ ಒಂದು ಕೂಗೂ ಇಲ್ದಂಗೆ ಓದ ಅಂತ ಯಾವ್ ಬಾಯಲ್ಲಿ ಏಳ್ಲಿ? ಎಲ್ಡು ದಿನ ಕೂಗ್ದ ಅಂದ್ರೆ ನಿಂಗೆ ಒಸಿ ಸಮಾಧಾನ ಆಯ್ತದೆ ಅನ್ಕಂಡೆ."

"ಸಮಾಧಾನವಾ?" ಎಂದಳು ಮಹದೇವಮ್ಮ. "ಎಲ್ಡು ದಿನ ನೀರಲ್ಲಿ ನಿಂತ್ಕಂಡು ಅವ್ವ, ಅವ್ವ ಅಂತ ಕೂಗವ್ನೆ, ನಾನು ಇಲ್ಲಿ ಮುದ್ದೆ ಉಣ್ತಾ ಕೂತಿದ್ದೆ ಅಂತ, ಇಷ್ಟು ದಿನವೂ..."

ಕಿವಿಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ಇಷ್ಟು ತಿಂಗಳು ಅವಳು ಕರುವಿನ ತಾಯಿಯ ಹಗ್ಗ ಬಿಚ್ಚಿದ್ದು, ಸೊಪ್ಪಿನವಳ ಹಿಂದೆ ಓಡಿದ್ದು ಯಾಕೆಂದು ಮಾದುವಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಆ ಕೂಗನ್ನು ಅವಳ ಕಿವಿಯೊಳಗೆ ಬಿಟ್ಟವನು ತಾನೇ, ಅದಕ್ಕೆ ಎರಡು ದಿನಕ್ಕೆ ಮುಗಿಯುವ ಬ್ಯಾಟರಿಯೂ ಇರಲಿಲ್ಲ, ಅದು ನಿಂತೇ ಇರಲಿಲ್ಲ.

ದಿವ್ಯ ಅವ್ವನ ಬೆನ್ನು ಸವರಿದಳು. ಬಹಳ ಹೊತ್ತಿನ ಮೇಲೆ ಮಹದೇವಮ್ಮ ಕೈ ಇಳಿಸಿದಳು. ಹೊಳೆಯ ಆಚೆ ದಡದಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು. ಅವಳು ಆ ಕಡೆ ತಿರುಗಿದಳು, ಆದರೆ ಏಳಲಿಲ್ಲ. ಆಮೇಲೆ ನೆಲಕ್ಕೆ ಕೈಯೂರಿ ಎದ್ದಳು. ಗುಂಡಿಯ ಹತ್ತಿರ ಹೋಗಿ ಒಳಗೆ ನೋಡಿದಳು. ಅಲ್ಲಿ ಹಾಸಿದ್ದ ಬೇವಿನ ಸೊಪ್ಪು ಬಿಟ್ಟರೆ ಏನೂ ಇರಲಿಲ್ಲ. ಸಣ್ಣತಾಯಮ್ಮನ ಕಡೆ ಕೈ ಚಾಚಿದಳು. ಅವಳು ಚೊಂಬು ಕೊಟ್ಟಳು.

ಗುಂಡಿಯ ಅಂಚಿನಲ್ಲಿ ಚೊಂಬು ಹಿಡಿದು ನಿಂತು, ತಮ್ಮನ ಕಡೆ ನೋಡದೆ ಕೇಳಿದಳು.

"ಮಂಜಿ ಬೋರಲು ಬಿದ್ದಾಗ ಏನ್ ಮಾಡ್ತಿದ್ನಂತೆ?"

"ಮಲಗಿದ್ನಂತೆ. ಇಂಜಿನ್ ಪಾಳಿ ಮುಗುಸ್ಕಂಡು ಬಂದು, ಕೆಳಗೆ ಅಕ್ಕಿ ಮೂಟೆ ಮ್ಯಾಲೆ."

"ನಿದ್ದೆ ಬಂದಿತ್ತಾ?"

ಮಾದು ಆ ಕಿತ್ತಳೆ ಬುರುಡೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ.

"ಬಂದಿತ್ತು ಕಣಕ್ಕ. ಎಚ್ಚರ ಆಗ್ಲೇ ಇಲ್ಲ ಅಂದ ಆ ಅಡಿಗೆಯೋನು. ಇದೊಂದು ನಾನು ಕಟ್ಟಿದ್ ಕತೆ ಅಲ್ಲ."